ಏಕಾದಶಿ ಮಾಡುತ್ತಿದ್ದ ನಾಯಿ

ಮದುವೆಯಾಗಿ ಪುಣೆಗೆ ಬಂದ ಮೇಲೆ ನಾನು ಅತ್ತೆಯಿಂದ ತಿಂದ ಬೈಗುಳದಲ್ಲಿ ಅರ್ಧಕ್ಕರ್ಧ ಒಂದು ನಾಯಿಗೆ ಸಂಬಂಧಪಟ್ಟದ್ದು. ತಪ್ಪು ತಿಳಿಯಬೇಡಿ, ಅವರು ನನ್ನನ್ನು ನಾಯಿ ಎಂದು ಬೈಯಲಿಲ್ಲ. ನಾಯಿಯಷ್ಟೂ ಆಚಾರವಿಲ್ಲದವಳು ಎಂದು ಬೈದರು. ಏಕೆಂದರೆ ನಮ್ಮ ಮನೆಯ ನಾಯಿ ಏಕಾದಶಿ ಮಾಡುತ್ತಿತ್ತು, ನಾನು ಅವತ್ತು ಸಾಬುದಾಣಿ ಖಿಚಡಿ ತಿನ್ನುತ್ತಿದ್ದೆ.

ಆ ನಾಯಿಯನ್ನು ಮನೆಗೆ ತಂದವರು ನನ್ನ ಗಂಡ. ಅವರದು ಪಂಪ್‌ಸೆಟ್ ಮಾರುವವರ ಕಚೇರಿಯಲ್ಲಿ ಗುಮಾಸ್ತಿಕೆ. ಸಾಸವಡ, ಬಾರಾಮತಿ ಕಡೆಯ ಅಂಗಡಿಗಳಿಗೆ ಕಚೇರಿಯ ಜೀಪಿನಲ್ಲಿ ಹೋಗಿಬರುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷ ಆಷಾಢ ಏಕಾದಶಿಗೆಂದು ಭಕ್ತರು ಕಾಲ್ನಡಿಗೆಯಲ್ಲಿ ಒಯ್ಯುವ ಪಂಢರಪುರದ ಪಾಲಕಿ ಸಾಸವಡ ದಾಟಿ ಮುಂದೆ ಹೋದ ಮೇಲೆ ಇವರು ಅಲ್ಲಿಗೆ ಹೋದರು. ಅಂಗಡಿಯೊಂದರ ಕಟ್ಟೆಯ ಕೆಳಗೆ ಕಂದು ಬಣ್ಣದ ಗಂಡು ನಾಯಿ ಬಿದ್ದಿತ್ತಂತೆ. ನಾಲ್ಕೂ ಪಾದ ಒಡೆದು ಕೀವಾಗಿದ್ದವು. ಪುಣೆಯಿಂದ ಘಾಟಿ ಹತ್ತಿ ಪಾಲಕಿಯ ಹಿಂದೆ ನಡೆದು ಬಂದಿದೆ, ಇಲ್ಲಿಂದ ಮುಂದೆ ಕಾಲು ನಡೆಯಲಿಲ್ಲ, ಎಂದು ಅಂಗಡಿಯವನು ಹೇಳಿದನಂತೆ. ಕೊತ್ತಂಬರಿ ತನ್ನಿ ಎಂದರೆ ಮರೆತು ಬರುವ ಮನುಷ್ಯ, ನಾಯಿಯನ್ನು ಮಾತ್ರ ಮರೆಯದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದರು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. ವಿಜಾಪುರದ ಕಡೆಯ ಮಡಿ ಹೆಂಗಸು. ಸ್ನಾನ ಮಾಡಿ ಬಂದರೆ ಪೂಜೆ, ಊಟ ಮುಗಿಯುವತನಕ ಮೊಮ್ಮಕ್ಕಳೂ ಮುಟ್ಟುವ ಹಾಗಿಲ್ಲ.

"ಅದು ಒಳಗ ಬಂದ್ರ ನಾ ಹೊರಗ ಹೋಗ್ತೀನಿ ನೋಡು" ಎಂದರು.

"ಪಾಲಕಿ ಜೋಡಿ ನಡಕೊಂಡ ಬಂದದಂತವಾ" ಎಂದರು ನನ್ನ ಗಂಡ.

ವಿಠ್ಠಲನ ವಿಷಯ ಬಂದರೆ ಅತ್ತೆಯ ಕಾನೂನು ಸಡಿಲವಾಗುತ್ತಿತ್ತು. "ಬಾಲ್ಕನಿಯೊಳಗ ಇರ್ಲಿ. ಕಾಲು ನೆಟ್ಟಗಾಗೂತನಕ ಅಷ್ಟ" ಎಂದು ದಾರಿ ಬಿಟ್ಟರು. ಕಾಲು ನೆಟ್ಟಗಾಯಿತು. ನಾಯಿ ಹೋಗಲಿಲ್ಲ, ಹೋಗೆಂದು ಯಾರೂ ಹೇಳಲಿಲ್ಲ. ಕೆಳಗಿನ ಮನೆಯ ಮರಾಠಿ ಬಾಯಿ ಅವನನ್ನು "ಮಾವುಲಿ" ಎಂದು ಕರೆದರು. ಪಾಲಕಿಯಲ್ಲಿ ನಡೆಯುವವರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರೆ, ತಾಯಿ ಎಂದು ಅರ್ಥ. ಗಂಡು ನಾಯಿಗೆ ತಾಯಿ ಎಂಬ ಹೆಸರು ಬಿತ್ತು, ಅವನು ಅದಕ್ಕೂ ಬಾಲ ಆಡಿಸಿದ.

ಮನೆಯಲ್ಲಿ ಊಟದ ಕ್ರಮವಿತ್ತು. ದೇವರ ನೈವೇದ್ಯ, ಆಮೇಲೆ ಅತ್ತೆ, ಅತ್ತೆಯ ಊಟವಾದ ಮೇಲೆ ಉಳಿದವರು. ಮಾವುಲಿಗೆ ಅನ್ನ ಕಲಸಿ ಹಾಕುವ ಕೆಲಸವನ್ನು ಅತ್ತೆ ಯಾವಾಗಲೋ ತಾವೇ ವಹಿಸಿಕೊಂಡಿದ್ದರು. ತಮ್ಮ ಊಟ ಮುಗಿಸಿ, ಕೈ ತೊಳೆದು, ಬಾಲ್ಕನಿಯ ತಟ್ಟೆಗೆ ಹಾಲು-ಅನ್ನ ಹಾಕುವರು. ಅವರು ಉಣ್ಣುವತನಕ ಅವನು ಹೊಸ್ತಿಲಾಚೆ ಮುಂಗಾಲು ಚಾಚಿ ಕುಳಿತಿರುತ್ತಿದ್ದ. ಅವರು ಎಲೆ ಬಿಟ್ಟು ಎದ್ದರೆ ಅವನೂ ಏಳುತ್ತಿದ್ದ. ನನ್ನ ಮಕ್ಕಳಿಗೆ ಬಾರದ ಶಿಸ್ತು.

ಏಕಾದಶಿಯ ದಿನ ನಮ್ಮಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ. ಅತ್ತೆಗೆ ನೀರೂ ಇಲ್ಲ. ಉಳಿದವರಿಗೆ ಹಣ್ಣು, ನೆನೆಸಿದ ಅವಲಕ್ಕಿ. ನಾನು ಮಾತ್ರ ಕೆಳಗಿನ ಬಾಯಿಯ ಮನೆಗೆ ಹೋಗಿ ಶೇಂಗಾ ಪುಡಿ ಹಾಕಿದ ಖಿಚಡಿ ತಿಂದು ಬರುತ್ತಿದ್ದೆ. 'ಏಕಾದಶಿ, ದುಪ್ಪಟ್ ಖಾಶಿ', ಏಕಾದಶಿಯಂದು ಎರಡು ಪಟ್ಟು ತಿನ್ನುವೆ, ಎಂದು ಮರಾಠಿಯವರು ತಮ್ಮ ಉಪವಾಸಕ್ಕೆ ತಾವೇ ನಗುತ್ತಾರೆ, ಆ ಗುಣ ನನಗೆ ಭಾಳ ಹಿಡಿಸಿತ್ತು. ಒಂದು ಏಕಾದಶಿಯ ದಿನ ಅದೇ ಖಿಚಡಿಯನ್ನು ಸ್ವಲ್ಪ ತಂದು ಮಾವುಲಿಯ ಮುಂದಿಟ್ಟೆ. ಅವನು ಮೂಸಿ, ಮುಖ ತಿರುಗಿಸಿ ಮಲಗಿದ. ಜಪಮಾಲೆ ಹಿಡಿದು ಕುಳಿತಿದ್ದ ಅತ್ತೆ ನೋಡಿಬಿಟ್ಟರು.

"ಮೂಕ ಪ್ರಾಣಿಗೆ ತಿಳೀತದ" ಎಂದರು, "ಕೆಲವರಿಗೆ ತಿಳಿಯೂದಿಲ್ಲ."

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಮುಂದಿನ ಏಕಾದಶಿಗೂ ಅವನು ಅವಲಕ್ಕಿ ಮುಟ್ಟಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಸುದ್ದಿ ಇಡೀ ಸೊಸೈಟಿಗೆ ಹರಡಿತು. ಯಾರೋ ಬಂದು ಅವನ ಹಣೆಗೆ ಅಬೀರ ಹಚ್ಚಿದರು, ಅವನು ಸೀನಿದ. ಏಕಾದಶಿಯ ಸಂಜೆ ನಮ್ಮ ವಿಮಾನ ನಗರ ಬಡಾವಣೆಯ ಇನ್ನೊಂದು ಕಟ್ಟಡದಲ್ಲಿ ನಮ್ಮ ಕಡೆಯ ಹೆಂಗಸರು ಸೇರಿ ದಾಸರ ಪದ ಹೇಳುತ್ತಿದ್ದರು. ಅತ್ತೆಯ ಹಿಂದೆ ಅವನೂ ಹೋಗುವನು. ಅವರು ಮಂಗಳಾರತಿ ಮುಗಿಸಿ ಇಳಿದು ಬರುವ ಹೊತ್ತಿಗೆ ಗೇಟಿನ ಬಳಿ ಕುಳಿತಿರುವನು. "ಒಂದ ಪದಾ ಬಿಡದ ಕೇಳ್ತಾನ" ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು.

ಒಂದು ಏಕಾದಶಿಯ ಸಂಜೆ ನಾನು ಹೊಲಿಗೆಯವನ ಅಂಗಡಿಯಿಂದ ಬರುತ್ತಿದ್ದೆ. ಮೂಲೆಯಲ್ಲಿ ಅಂಡಾ ಭುರ್ಜಿಯ ಕೈಗಾಡಿ. ಗಾಡಿಯ ಪಕ್ಕ, ತನ್ನ ಕುರ್ಚಿಯೇನೋ ಎಂಬಂತೆ, ನಮ್ಮ ಮಾವುಲಿ ಕುಳಿತಿದ್ದ. ಗಾಡಿಯವನು ಕಾಗದದ ಮೇಲೆ ಭುರ್ಜಿ ಹಾಕಿ ಊದಿ ಆರಿಸಿ ಅವನ ಮುಂದಿಟ್ಟ. ಅವನು ಕಾಗದವನ್ನೂ ನೆಕ್ಕಿ ಸ್ವಚ್ಛ ಮಾಡಿದ. ಗಾಡಿಯವನಿಗೆ ಅವನು ಯಾರ ಮನೆಯವನೆಂದು ಗೊತ್ತಿರಲಿಲ್ಲ. ದಿನಾ ಬರುವುದಿಲ್ಲ, ಯಾವಾಗಲೋ ಒಮ್ಮೆ ಬರುತ್ತಾನೆ, ಬಂದಾಗ ಭಾರೀ ಹಸಿದಿರುತ್ತಾನೆ, ಪಾಪ ಮನೆಯವರು ಊಟ ಹಾಕುವುದಿಲ್ಲವೋ ಏನೋ ಎಂದ. ನಾನು ಹೌದಿರಬೇಕು ಎಂದೆ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಮನುಷ್ಯರಿಗಷ್ಟೇ ಅಂದುಕೊಂಡಿದ್ದೆ. ಅವತ್ತು ಮನೆಗೆ ಓಡಿಹೋಗಿ ಎಲ್ಲವನ್ನೂ ಒದರಬೇಕೆಂದು ಬಾಯಿ ತುರಿಸಿತು. ಅಷ್ಟು ದಿನ ತಿಂದ ಬೈಗುಳಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಎಲ್ಲಿ ಸಿಗಬೇಕು? ಆದರೆ ಮಂಗಳಾರತಿ ಮುಗಿಸಿದ ಅತ್ತೆ ಅವನ ಜೊತೆ ನಡೆದು ಬರುತ್ತಿದ್ದರು. ಗಂಡ ಸತ್ತ ಮೇಲೆ ಯಾರ ಜೊತೆಗೂ ನಾಲ್ಕು ಮಾತಾಡದ ಹೆಂಗಸು, ದಾರಿಯುದ್ದಕ್ಕೂ ನಾಯಿಗೆ ಅವತ್ತು ಹಾಡಿದ ಪದದ ಅರ್ಥ ಬಿಡಿಸಿ ಹೇಳುತ್ತಿದ್ದರು. ಅವನು ಮೀಸೆಗೆ ಮೊಟ್ಟೆ ಹತ್ತಿಸಿಕೊಂಡು ಕೇಳುತ್ತಿದ್ದ. ನಾನು ಸುಮ್ಮನಾದೆ. ಅಲ್ಲಿಂದ ಅತ್ತೆ ನಾಯಿಯ ಹೆಸರು ಹೇಳಿ ಬೈದರೆ ನಾನು ತಲೆ ತಗ್ಗಿಸಿ ಒಳಗೊಳಗೇ ನಗುತ್ತಿದ್ದೆ. ನನಗೂ ಅವನಿಗೂ ಹೀಗೊಂದು ಸಲಿಗೆ ಬೆಳೆಯಿತು. ನಾನು ಪಾತ್ರೆ ತೊಳೆಯುವಾಗ ಅವನು ಬಂದು ನನ್ನ ಹಿಮ್ಮಡಿಯ ಮೇಲೆ ಗದ್ದ ಇಟ್ಟು ಮಲಗುತ್ತಿದ್ದ. ಅವನ ಭಾರ ನನಗೆ ಇಷ್ಟವಾಗುತ್ತಿತ್ತು.

ವರ್ಷಗಳು ಹೋದವು. ಸುತ್ತಲಿನ ಖಾಲಿ ಜಾಗದಲ್ಲಿ ಗಾಜಿನ ಕಟ್ಟಡಗಳೆದ್ದವು, ಅವನ ಮೂತಿ ಬೆಳ್ಳಗಾಯಿತು. ಒಂದು ಬೇಸಿಗೆಯಲ್ಲಿ ಅವನು ಬಕೆಟ್ಟುಗಟ್ಟಲೆ ನೀರು ಕುಡಿಯತೊಡಗಿದ. ಬಿಸಿಲು ಎಂದೆವು. ಸೊರಗಿದ, ವಯಸ್ಸು ಎಂದೆವು. ಮಳೆಗಾಲ ಹಿಡಿದು, ಪಾಲಕಿ ಪುಣೆಗೆ ಬಂದು ಹೋದ ಮೇಲೆ ಅನ್ನ ಬಿಟ್ಟ. ಅತ್ತೆ ಉಂಡೆದ್ದು ತಟ್ಟೆಗೆ ಹಾಲು-ಅನ್ನ ಹಾಕುವರು, ಅವನು ಮೂಸಿ ಹಿಂದೆ ಸರಿಯುವನು. ಮರುದಿನವೂ ಅದೇ, ಅದರ ಮರುದಿನವೂ.

"ಆಷಾಢ ಏಕಾದಶಿ ಸನೇಕ ಬಂತಲ್ಲ" ಎಂದರು ಅತ್ತೆ, ದನಿ ತಗ್ಗಿಸಿ. "ಅಂವಗ ಪಾಲಕಿ ನೆನಪಾಗೇದ. ವ್ರತಾ ಹಿಡದಾನ. ಯಾರೂ ಒತ್ತಾಯ ಮಾಡಬ್ಯಾಡ್ರಿ."

ನಾನು ಪಾತ್ರೆ ತೊಳೆಯುತ್ತ ನಕ್ಕೆ. ವ್ರತವಂತೆ! ಮೂಲೆಯಲ್ಲಿ ಗಾಡಿಯಿದೆ, ಮುದಿತನದಲ್ಲಿ ನಾಲಿಗೆ ಚಪಲ ಹೆಚ್ಚಾಗಿ ದಿನಾ ಅಲ್ಲಿಗೇ ಹೊರಟಿದ್ದಾನೆ, ಅದಕ್ಕೇ ಮನೆಯ ಅನ್ನ ರುಚಿಸುತ್ತಿಲ್ಲ ಅಂದುಕೊಂಡೆ. ನಂಬುವವರ ಲೆಕ್ಕದಲ್ಲಿ ಅವನು ದೇವರಿಗಾಗಿ ಹಸಿದಿದ್ದ, ನಂಬದವಳ ಲೆಕ್ಕದಲ್ಲಿ ಹೊಟ್ಟೆ ತುಂಬಿಸಿಕೊಂಡಿದ್ದ. ನನ್ನ ಗಂಡ ಇಬ್ಬರಿಗೂ ತಲೆಯಾಡಿಸಿ ಪೇಪರು ಓದಿದರು. ಹೀಗೆ ಮೂರು ಜನ ದೊಡ್ಡವರಿದ್ದ ಮನೆಯಲ್ಲಿ ನಾಯಿ ಕಣ್ಣೆದುರಿಗೇ ಒಣಗುತ್ತ ಹೋಯಿತು.

ಆಷಾಢ ಏಕಾದಶಿಯ ಬೆಳಿಗ್ಗೆ ಬಾಳೆಹಣ್ಣು ತರಲು ಹೋದಾಗ ಭುರ್ಜಿಯವನು ಮಳೆಗೆ ಗಾಡಿಯ ಮೇಲೆ ಪ್ಲಾಸ್ಟಿಕ್ ಕಟ್ಟುತ್ತಿದ್ದ. ನನ್ನನ್ನು ನೋಡಿ ಕೇಳಿದ: "ತೋ ಕುತ್ರಾ ದಿಸತ ನಾಹೀ ಆಜಕಾಲ?"

ಆ ನಾಯಿ ಇತ್ತೀಚೆಗೆ ಕಾಣುವುದಿಲ್ಲವಲ್ಲ ಎಂದು. ನಾನು ಅಲ್ಲೇ ನಿಂತೆ. ಹಾಗಾದರೆ ಅವನು ಎಲ್ಲಿಯೂ ಉಣ್ಣುತ್ತಿರಲಿಲ್ಲ. ಬಾಳೆಹಣ್ಣು ಬಿಟ್ಟು ಮನೆಗೆ ಓಡಿದೆ.

ಆಟೋ ತರಿಸಿದೆವು. ಅತ್ತೆ ಮಡಿಯಲ್ಲಿದ್ದರು, ಒದ್ದೆ ಸೀರೆಯಲ್ಲೇ ಹತ್ತಿ ಕುಳಿತರು. ಯಾರೂ ಹೇಳದೆ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಅವನ ಉಸಿರಿಗೆ ಕೆಟ್ಟ ವಾಸನೆ ಹೊಡೆಯುತ್ತಿತ್ತು. ದವಾಖಾನೆಯಲ್ಲಿ ಬಿಳಿ ಪಾಮೆರೇನಿಯನ್‌ಗಳು, ಅವುಗಳಿಗಿಂತ ಬೆಳ್ಳಗಿನ ಒಡತಿಯರು. ಊಟ ಬಿಟ್ಟು ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ತಮ್ಮ ವಿಜಾಪುರದ ಮರಾಠಿಯಲ್ಲಿ, ಸ್ವಲ್ಪ ಹೆಮ್ಮೆಯಿಂದಲೇ, ಇವನು ಪ್ರತಿ ಏಕಾದಶಿ ಉಪವಾಸ ಮಾಡುತ್ತಾನೆ, ಈ ಸಲ ಮೊದಲೇ ವ್ರತ ಹಿಡಿದಿದ್ದಾನೆ ಎಂದು ವಿವರಿಸಿದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎರಡೂ ಕಿಡ್ನಿ ಹೋಗಿವೆ, ಬಹಳ ತಡವಾಗಿದೆ, ಸಲೈನ್ ಕೊಡುತ್ತೇನೆ, ಮನೆಯಲ್ಲಿ ಮೆತ್ತನೆಯ ಅನ್ನ ತಿಂದರೆ ತಿನ್ನಿಸಿ ಎಂದರು. ತಿಂದರೆ ಒಂದೆರಡು ದಿನ ಹೆಚ್ಚು ಇದ್ದಾನು.

ಅತ್ತೆಗೆ ಅಷ್ಟೇ ಸಾಕಾಯಿತು. ಮನೆಗೆ ಬಂದವರು ನೇರ ಅಡುಗೆಮನೆಗೆ ಹೋದರು. ಸ್ಟೌ ಹೊತ್ತಿದ ಸದ್ದು ಕೇಳಿ ನನ್ನ ಗಂಡ ಎದ್ದು ನಿಂತರು. ಏಕಾದಶಿಯ ದಿನ ಜಗತ್ತಿನ ಪಾಪವೆಲ್ಲ ಅನ್ನದಲ್ಲಿ ಸೇರಿಕೊಂಡಿರುತ್ತದೆ ಎಂದು ನಮಗೆ ಹೇಳಿಕೊಟ್ಟವರೇ ಅಕ್ಕಿ ತೊಳೆದು ಇಟ್ಟರು. ಹುಟ್ಟಿ ಬುದ್ಧಿ ಬಂದಾಗಿನಿಂದ ಅವರು ಮಾಡದಿದ್ದ ಕೆಲಸ ಅದು.

ಮಧ್ಯಾಹ್ನ ಬಾಲ್ಕನಿಯಲ್ಲಿ ಅವನ ಪಕ್ಕ ನೆಲಕ್ಕೇ ಕುಳಿತು ಗಂಜಿಯಂತೆ ಕಲಸಿದ ಅನ್ನವನ್ನು ಬಾಯಿಯ ಹತ್ತಿರ ಹಿಡಿದರು. ಅವನು ಮುಖ ಸರಿಸಿದ.

"ಉಣ್ಣೋ ನನ್ನಪ್ಪಾ. ಇವತ್ತ ಏಕಾದಶಿ ಅಲ್ಲೋ. ದ್ವಾದಶಿ ಅದ. ಪಾರಣಿ ಮಾಡು."

ಕೆಳಗಿನ ಮನೆಯ ಟೀವಿಯಲ್ಲಿ ಪಂಢರಪುರದ ಭಜನೆ ಗಟ್ಟಿಯಾಗಿ ಕೇಳುತ್ತಿತ್ತು. ಪಂಚಾಂಗದಲ್ಲಿ ಒಂದು ಗಳಿಗೆ ಆಚೀಚೆಯಾದರೆ ಊರಿಗೆ ಪತ್ರ ಬರೆದು ಕೇಳುವ ಹೆಂಗಸು, ನಾಯಿಯ ಕಿವಿಯಲ್ಲಿ ತಿಥಿಯ ಸುಳ್ಳು ಹೇಳುತ್ತಿದ್ದರು. ಅವನು ಮತ್ತೆ ಮುಖ ಸರಿಸಿದ.

"ನಾ ಉಂಡಿಲ್ಲಂತ ಉಣವಲ್ಲ ಇಂವ" ಎಂದರು ಅತ್ತೆ.

ನನಗೆ ಅವರೇನು ಮಾಡಲಿದ್ದಾರೆಂದು ಹೊಳೆಯಿತು. ಬೇಡಿ, ಅವನು ಎಂದೂ ಉಪವಾಸ ಮಾಡಿದವನಲ್ಲ, ಗಾಡಿಯ ಮೊಟ್ಟೆ ತಿಂದವನು, ಅವನಿಗಾಗಿ ನಿಮ್ಮ ಜನ್ಮದ ವ್ರತ ಕೆಡಿಸಿಕೊಳ್ಳಬೇಡಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಆ ತುತ್ತನ್ನು ತಮ್ಮ ಬಾಯಿಗೆ ಹಾಕಿಕೊಂಡಾಗಿತ್ತು. ಅಗಿದು, ನುಂಗಿ, "ನೋಡು, ನಾನೂ ಉಂಡೆ" ಎಂದು ಅವನಿಗೆ ಬಾಯಿ ತೆರೆದು ತೋರಿಸಿದರು. ಇನ್ನೊಂದು ತುತ್ತು ಹಿಡಿದರು. ಅವನು ಅವರ ಬೆರಳನ್ನು ಒಂದು ಸಲ ನೆಕ್ಕಿದ. ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಮನಸ್ಸು ತುಂಬ ಅತ್ತುಕೊಂಡೆ.

ಮರುದಿನ ಬೆಳಕು ಹರಿದ ಮೇಲೆ ಅವನು ಹೋದ. ನನ್ನ ಗಂಡ ಮತ್ತು ವಾಚ್‌ಮನ್ ಸೇರಿ ವಿಮಾನ ನಿಲ್ದಾಣದ ರಸ್ತೆಯ ಬದಿ ಖಾಲಿ ಜಾಗದಲ್ಲಿ ಗುಂಡಿ ತೋಡಿದರು. ಈಗ ಅಲ್ಲಿ ಮಾಲ್ ಇದೆ, ಕಾರು ನಿಲ್ಲಿಸಲು ಚೀಟಿ ಕೊಡುತ್ತಾರೆ.

ಅವನನ್ನು ಒಯ್ಯುವ ಮೊದಲು ಸೊಸೈಟಿಯ ಹೆಂಗಸರು ಹೂವು, ತುಳಸಿ ಹಿಡಿದು ಬಂದರು. ಕೆಳಗಿನ ಬಾಯಿ ಕಣ್ಣೊರೆಸಿಕೊಂಡು ಕೈ ಮುಗಿದರು. ಏಕಾದಶಿಯ ಉಪವಾಸ ಮಾಡಿ ದ್ವಾದಶಿಗೆ ಹೋದ, ಋಷಿಗಳಿಗೂ ಸಿಗದ ಸಾವು, ನೇರ ವೈಕುಂಠವೇ ಎಂದರು. ಉಳಿದವರು ಹೌದು ಹೌದು ಎಂದರು. ಇಂಥ ಮಾತು ಕೇಳಲು ಅತ್ತೆ ಇಷ್ಟು ವರ್ಷ ಆಸೆಪಟ್ಟಿದ್ದರು.

"ಉಪವಾಸ ನವ್ಹತಾ!" ಎಂದು ಅತ್ತೆ ಕಿರುಚಿದರು. ಆ ಹೆಂಗಸು ಹೆದರಿ ಹಿಂದೆ ಸರಿದರು. "ಜೇವಲಾ ತೋ. ಮಾಝ್ಯಾ ಹಾತಾನ ಜೇವಲಾ." ಉಪವಾಸವಿರಲಿಲ್ಲ, ಉಂಡ, ನನ್ನ ಕೈಯಿಂದ ಉಂಡ. ಆಮೇಲೆ ನನ್ನ ಕಡೆ ತಿರುಗಿದರು.

"ನೀನ ಹೇಳವಾ ಇವರಿಗೆ. ಅಂವ ಹಸಕೊಂಡ ಹೋಗಿಲ್ಲ. ಉಂಡಾನಿಲ್ಲೋ ಅಂವ?"

ತಟ್ಟೆ ತೊಳೆದವಳು ನಾನು. ಅತ್ತೆ ನುಂಗಿದ ಆ ಒಂದು ತುತ್ತು ಬಿಟ್ಟರೆ ಒಂದು ಅಗುಳೂ ಕಡಿಮೆಯಾಗಿರಲಿಲ್ಲ.

"ಹೌದ್ರಿ, ಉಂಡಾನ" ಎಂದೆ. "ನಾ ನೋಡೇನಿ. ಹೊಟ್ಟಿ ತುಂಬ ಉಂಡಾನ."