ಬಿಷಪ್ಪರು ಹೊರಗೆ, ರಾಜ ಮನೆಗೆ

ಕಾಪುವಿಗೆ ಸ್ಕೂಟರಿನಲ್ಲಿ ಹೋಗಿ ಬಸ್ಸಿನಲ್ಲಿ ಮರಳಿ ಬಂದ ಮಹಾಶಯ ನಾನು. ಹೆದ್ದಾರಿಯ ಬದಿಯಲ್ಲಿ ಗಾಡಿ ನಿಲ್ಲಿಸಿ ಒಂದು ಬೊಂಡದ ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಎಕ್ಸ್‌ಪ್ರೆಸ್ ಬಸ್ಸೊಂದು ಬಂದು ನಿಂತಿತು. "ಉಡುಪಿ ಉಡುಪಿ, ಬೇಗ ಬೇಗ" ಎಂದು ಕಂಡಕ್ಟರ್ ಬಾಗಿಲು ಬಡಿದ. ನಮ್ಮ ಕಡೆ ಆ "ಬೇಗ ಬೇಗ" ಕಿವಿಗೆ ಬಿದ್ದವರಿಗೆ ಯೋಚಿಸುವ ಅಧಿಕಾರ ಇರುವುದಿಲ್ಲ. ಕಾಲು ತಾನಾಗಿ ಮೆಟ್ಟಿಲು ಹತ್ತುತ್ತದೆ. ಹತ್ತಿದೆ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಗಾಳಿಗೆ ಮುಖ ಕೊಟ್ಟು, ಸುಖವಾಗಿ ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಅಲೆವೂರಿನ ಮನೆ ಸೇರಿದೆ.

"ಸ್ಕೂಟರ್ ಎಲ್ಲಿ ಉಂಟು ಮಾರಾಯ್ರೆ?" ಎಂದಳು ಹೆಂಡತಿ.

"ಯಾವ ಸ್ಕೂಟರ್?" ಎಂದೆ.

ಅವಳು ನಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮಣಿಪಾಲದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಪುಸ್ತಕ ಮುಟ್ಟದೆ ಪಾಠ ಮಾಡುತ್ತೇನೆಂಬ ಜಂಬದಲ್ಲೇ ಅಷ್ಟೂ ವರ್ಷ ಕಳೆದಿದ್ದೆ. ಆ ತಲೆಯೇ ಕೈಕೊಟ್ಟರೆ ನನ್ನಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಉಳಿಯುವುದಿಲ್ಲ. ಡಾಕ್ಟರರ ಹತ್ತಿರ ಹೋಗೋಣ ಎಂದಳು ಅವಳು. ನಾನು ಚೆಸ್ಸಿನ ಹತ್ತಿರ ಹೋದೆ.

ಬನ್ನಂಜೆಯ ಒಂದು ಕಟ್ಟಡದ ಮಹಡಿಯಲ್ಲಿ ನಾವು ಕೆಲವರು ಭಾನುವಾರ ಸೇರಿ ಚೆಸ್ ಆಡುತ್ತೇವೆ. ಒಬ್ಬೊಬ್ಬರಿಗೆ ಐದೇ ನಿಮಿಷ. ನಡೆ ಆಡಿದ ಕೂಡಲೇ ಗಡಿಯಾರ ಒತ್ತಬೇಕು; ಆಗ ನಮ್ಮ ಸಮಯ ನಿಂತು ಎದುರಾಳಿಯದು ಓಡುತ್ತದೆ. ಗಡಿಯಾರ ಸೊನ್ನೆಗೆ ಇಳಿದರೆ ಗೆಲ್ಲುವ ಆಟವೂ ಸೋಲು. ನೆನಪು ನೆಟ್ಟಗಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎನಿಸಿತು. ಮೊಬೈಲಿನಲ್ಲಿ ವಿಡಿಯೋ ನೋಡಿ, ಇದ್ದುದರಲ್ಲಿ ಅತ್ಯಂತ ಜಟಿಲವಾದ ಓಪನಿಂಗ್, ಅಂದರೆ ಆರಂಭದ ನಡೆಗಳ ಸರಣಿ, ಒಂದನ್ನು ಆರಿಸಿ ಬಾಯಿಪಾಠಕ್ಕೆ ಕೂತೆ. ಅದಕ್ಕೆ ಕವಲು, ಕವಲಿಗೆ ಉಪಕವಲು. ಸ್ನಾನದ ಮನೆಯಲ್ಲೂ ಗುನುಗುತ್ತಿದ್ದೆ. ಅಂತೂ ಇವರಿಗೆ ದೇವರ ನೆನಪಾಯಿತಲ್ಲ ಎಂದು ಹೆಂಡತಿ ಸಮಾಧಾನಪಟ್ಟಳು.

ಅಲ್ಲಿ ನನ್ನ ಜಂಬ ಇಳಿಸುತ್ತಿದ್ದವರು ಶಿರ್ವದ ಒಬ್ಬರು ಟೀಚರ್. ನಿವೃತ್ತರಾದರೂ ಎಲ್ಲರಿಗೂ ಇನ್ನೂ ಟೀಚರೇ. ಬಿಳಿ ಬರಲಿ, ಕಪ್ಪು ಬರಲಿ, ಅವರ ಆರಂಭ ಒಂದೇ: ಮಂತ್ರಿಯ ಮುಂದಿನ ಕಾಲಾಳನ್ನು ದೂಡುವುದು, ಒಂಟೆಯನ್ನು ಹೊರಗೆ ತರುವುದು, ಕುದುರೆ ಬಿಡುವುದು, ರಾಜನನ್ನು ಮೂಲೆಯಲ್ಲಿ ಭದ್ರ ಮಾಡುವುದು. ನಾವು ಒಂಟೆ ಎನ್ನುವ ಕಾಯಿ ಇಂಗ್ಲಿಷಿನಲ್ಲಿ ಬಿಷಪ್ ಅಷ್ಟೆ. ದಿನಾ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವ ಟೀಚರಿಗೆ ಅದನ್ನು ಏಕವಚನದಲ್ಲಿ ಕರೆಯಲು ಬಾಯಿ ಬಾರದು. ನನ್ನದನ್ನು ಹೊಡೆಯುವಾಗಲೂ ಗೌರವದಿಂದ ಎತ್ತಿ ಬದಿಗಿಡುತ್ತಾರೆ.

"ಬಿಷಪ್ಪರು ಹೊರಗೆ ಬಂದರು, ರಾಜ ಮನೆಗೆ ಹೋದ. ಇನ್ನು ಜಗಳ ಮಾಡುವ, ಅಲ್ವಾ ಸರ್?"

ಇಷ್ಟು ಹೇಳುವ ಹೊತ್ತಿಗೆ ಅವರ ಗಡಿಯಾರ ಕದಲಿರುವುದೇ ಇಲ್ಲ. ನಾನು ಯಾವುದೋ ಉಪಕವಲಿನಲ್ಲಿ ದಾರಿ ತಪ್ಪಿ ನಿಂತಿರುತ್ತೇನೆ. ಅವರದು ಗಂಜಿ ಊಟ, ನನ್ನದು ಮದುವೆ ಊಟ ಎಂದು ಒಳಗೊಳಗೇ ಹೀಗಳೆಯುತ್ತಿದ್ದೆ. ಬಡಿಸಿ ಮುಗಿಯುವ ಮೊದಲೇ ಎಲೆ ಬಿಟ್ಟು ಏಳಬೇಕಾಗುತ್ತಿದ್ದುದು ಮಾತ್ರ ನಾನೇ.

ಅಷ್ಟರಲ್ಲಿ ಕಾರ್ಕಳದಲ್ಲಿ ಒಂದು ಪಂದ್ಯಾವಳಿ ಬಂತು. ಒಂದಾದರೂ ಆಟ ಗೆದ್ದು ಬಂದರೆ ಡಾಕ್ಟರರ ಮಾತು ಎತ್ತಬಾರದು ಎಂದು ಹೆಂಡತಿಯನ್ನು ಒಪ್ಪಿಸಿದೆ. ಗಟ್ಟಿಯಾಗಿದ್ದೇನೆ ಎಂದು ತೋರಿಸಲು ಸ್ಕೂಟರಿನಲ್ಲೇ ಹೊರಟೆ.

ಮೊದಲ ಎದುರಾಳಿ ವಿಡಿಯೋದಲ್ಲಿ ಇಲ್ಲದ ನಡೆ ಆಡಿದ. ಇದು ಅನ್ಯಾಯ ಎನಿಸಿತು. ಅದಕ್ಕೆ ಉತ್ತರ ಯಾವ ಕವಲಿನಲ್ಲಿದೆ ಎಂದು ತಲೆಯೊಳಗೆ ಹುಡುಕುತ್ತಾ ಕೂತೆ; ಹಲಗೆಯ ಕಡೆ ನೋಡುವುದಕ್ಕೆ ಪುರುಸೊತ್ತಾಗಲಿಲ್ಲ. ಹೀಗೆಯೇ ಒಂದಾದ ಮೇಲೊಂದು ಹೋದವು. ಕೊನೆಯ ಆಟದಲ್ಲಿ ಅದೃಷ್ಟಕ್ಕೆ ಎದುರಾಳಿಯ ಮಂತ್ರಿಯೇ ಸಿಕ್ಕಿತು. ಹೊಡೆದೆ. ಖುಷಿಯಲ್ಲಿ ನನ್ನ ಗಡಿಯಾರ ಒತ್ತುವುದನ್ನು ಮರೆತೆ. ಪಾಪ, ಸೋಲು ನೋಡಿ ಕಂಗೆಟ್ಟಿದ್ದಾನೆ, ಯೋಚಿಸಲಿ ಎಂದು ದೊಡ್ಡ ಮನಸ್ಸು ಮಾಡಿ ಕಾದೆ. ಓಡುತ್ತಿದ್ದದ್ದು ನನ್ನ ಸಮಯ. ಮುಗಿಯಿತು.

ಸಂಜೆ, ಅಲ್ಲಿಗೆ ಆಡಲು ಬಂದಿದ್ದ ಟೀಚರನ್ನು ಬಸ್ಸು ಹತ್ತಿಸಲು ಜೊತೆಗೆ ನಡೆದೆ. ಅವರು ಬಹುಮಾನದ ಕಪ್ಪನ್ನು ಕೊಡೆಯ ಪಕ್ಕದಲ್ಲಿ ಚೀಲಕ್ಕೆ ತುರುಕಿದ್ದರು. ನಿಲ್ದಾಣದಲ್ಲಿ ಒಂದು ಬಸ್ಸು ಹೊರಡುತ್ತಿತ್ತು. "ಮಣಿಪಾಲ ಉಡುಪಿ, ಬೇಗ ಬೇಗ."

"ಸರ್," ಎಂದರು ಟೀಚರ್ ಹಿಂದಿನಿಂದ, "ಬಸ್ಸಲ್ಲಿ ಹೆಲ್ಮೆಟ್ ಬೇಕು ಅಂತ ಇಲ್ಲ."

ನನ್ನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಕೈಯಲ್ಲಿ ಹೆಲ್ಮೆಟ್ಟು. ಇಳಿದೆ. "ಎಂತ ಸರ್, ಬರುವುದಾದರೆ ಬನ್ನಿ!" ಎಂದು ಬೈದು ಕಂಡಕ್ಟರ್ ಹೊರಟುಹೋದ.

ನನಗೆ ಅಳು ಬಂತು. ಇದು ಎರಡನೆಯ ಸಲ ಎಂದೆ. ಕಾಪುವಿನ ಕತೆ ಪೂರ್ತಿ ಹೇಳಿದೆ. "ಯಾವ ಸ್ಕೂಟರ್" ಎಂಬಲ್ಲಿಗೆ ಬಂದಾಗ ಟೀಚರ್ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಾನು ದುಬೈಗೆ ಮಗಳಿಗೆ ಫೋನ್ ಮಾಡಿ, ಯಾಕೆ ಮಾಡಿದ್ದು ಅಂತ ಅವಳ ಹತ್ತಿರವೇ ಕೇಳುತ್ತೇನೆ ಸರ್. ನನಗೆ ಎಲ್ಲಿ ನೆನಪು ಉಂಟು? ಅದಕ್ಕೇ ದಿನಾ ಅದೇ ಆಟ. ಗಡಿಬಿಡಿಯಲ್ಲಿ ಕೈ ಗೊತ್ತಿದ್ದದ್ದನ್ನೇ ಮಾಡುತ್ತದೆ. ಶುರುವಿನದ್ದು ಕೈ ನೋಡಿಕೊಂಡರೆ ಇರುವ ಸ್ವಲ್ಪ ತಲೆ ಜಗಳಕ್ಕೆ ಉಳಿಯುತ್ತದೆ. ನೀವು ಐದು ನಿಮಿಷವೂ ನೆನಪು ಮಾಡುತ್ತಾ ಕೂತರೆ ಆಡುವುದು ಯಾವಾಗ?"

ನಾನು ಗಂಜಿ ಎಂದು ಹೀಗಳೆದದ್ದು ಇದನ್ನೇ. ಬಹಳ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು, ತಾನೂ ಮರೆಯುವವಳೇ ಎಂದು ಒಬ್ಬರು ನಗುತ್ತಾ ಹೇಳಿಕೊಂಡದ್ದನ್ನು ಕೇಳಿ. ಅಷ್ಟರಲ್ಲಿ ಅವರ ಬಸ್ಸೂ ತಪ್ಪಿತ್ತು.

ಮನೆಗೆ ಸ್ಕೂಟರಿನಲ್ಲೇ ಬಂದು, "ಎಲ್ಲ ಸೋತೆ, ಡಾಕ್ಟರರ ಹತ್ತಿರ ಹೋಗೋಣ" ಎಂದೆ. ಪರೀಕ್ಷೆಗಳಾದವು. ನಿಮ್ಮ ನೆನಪು ವಯಸ್ಸಿಗೆ ತಕ್ಕಷ್ಟು ಉಂಟು ಎಂದರು ಡಾಕ್ಟರು. ಇದಕ್ಕೆ ಹೆಮ್ಮೆ ಪಡಬೇಕೋ ಬೇಡವೋ ಎಂದು ಹೆಂಡತಿಯನ್ನು ಕೇಳಿದೆ. ಈ ಸಲ ಅವಳು ನಕ್ಕಳು.

ಆ ಭಾನುವಾರ ಬನ್ನಂಜೆಯಲ್ಲಿ ಟೀಚರ ಎದುರು ಅವರದೇ ಆಟ ಆಡಿದೆ. ಬಿಷಪ್ಪರು ಹೊರಗೆ, ರಾಜ ಮನೆಗೆ. ಜಗಳ ಜೋರಾಗಿಯೇ ಆಯಿತು. ನಾನು ಹಲಗೆಯನ್ನು ಕಣ್ಣಿಟ್ಟು ನೋಡಿದೆ, ಯೋಚಿಸಿದೆ, ಸೋತೆ. ಕೈಕುಲುಕುವಾಗ ಗಡಿಯಾರದ ಕಡೆ ನೋಡಿದರೆ, ನನ್ನ ಬದಿಯಲ್ಲಿ ಇನ್ನೂ ಸಮಯ ಉಳಿದಿತ್ತು.

"ನೋಡಿ, ಟೈಮ್ ಉಂಟಲ್ವಾ ಸರ್," ಎಂದರು ಟೀಚರ್ ಕಾಯಿಗಳನ್ನು ಮತ್ತೆ ಜೋಡಿಸುತ್ತಾ. "ಇನ್ನೊಂದು ಆಡುವ."