ಪುಸ್ತಕ ಮುಚ್ಚಿಡುವ ತಾಸು

ಕೇಳಿರಿ ಗೆಳೆಯರೇ, ಇವತ್ತು ಮರಾಠಿ ಆಡಳಿತದ ಜತ್ತಿನ ನಮ್ಮ ಕನ್ನಡ ಹೈಸ್ಕೂಲಿನಲ್ಲಿ ನಡೆದದ್ದು. ಮ್ಯಾಟ್ರಿಕ್ ಪರೀಕ್ಷೆಯ ಹೆದರಿಕೆಯಲ್ಲಿ ಬೋರ್ಡಿಂಗಿನ ಹುಡುಗರು ಊಟ ಬಿಡತೊಡಗಿದ್ದರಿಂದ, ದಿನಾ ಸಂಜೆ ಒಂದು ತಾಸು ಪುಸ್ತಕ ಮುಚ್ಚಿಸಿ ಅವರಿಗೆ ಕಬಡ್ಡಿಯಂಥ ಹುತುತು ಆಡಿಸುತ್ತಿದ್ದೇನೆ. ಇವತ್ತು ವಳಸಂಗದ ಮಲ್ಲಪ್ಪ ಟ್ರಂಕು ಹೊತ್ತುಕೊಂಡೇ ಮೈದಾನಕ್ಕೆ ಬಂದ.

"ನಾ ಊರಿಗಿ ಹೊಂಟೇನ್ರಿ ಸರ್. ಪುಸ್ತಕ ಹಿಡದ್ರ ಕೈ ನಡಗ್ತಾವ. ಕುರಿ ಕಾಯ್ಕೋತ ಇರ್ತೀನಿ" ಎಂದ.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದು ನನ್ನ ಮೇಲೆ ಹರಿಹಾಯ್ದರು: "ಪರೀಕ್ಷಾ ತಲಿಮ್ಯಾಲ ಬಂದೈತಿ, ನೀವು ಆಟ ಆಡಸಾಕತ್ತೀರೇನ್ರಿ?"

"ಮೊದಲ ಇವನ ಕೈ ಹಿಡದು ನೋಡ್ರಿ" ಎಂದೆ.

ಹಿಡಿದರು. ಸ್ವಲ್ಪ ಹೊತ್ತು ಬಿಡಲಿಲ್ಲ. ಆಮೇಲೆ ಮೆಲ್ಲಗೆ, "ತಮ್ಮಾ, ಮೊದಲನೇ ಸಲ ನಾ ಪರೀಕ್ಷಾದ ಬಾಗಲದಾಗಿಂದನ ಓಡಿ ಬಂದಿದ್ದೆ. ಮರುವರ್ಷ ಪಾಸಾದೆ" ಎಂದರು. ನಾವು ಯಾರೂ ಕೇಳಿರದ ಸಂಗತಿ.

"ನೀವೂ ಏನ್ರಿ?" ಎಂದು ಮಲ್ಲಪ್ಪ ಅಳುತ್ತಲೇ ನಕ್ಕು ಟ್ರಂಕು ಇಳಿಸಿದ. ಮೂರು ದಿನದಿಂದ ಊಟ ಬಿಟ್ಟಿದ್ದವನು ರಾತ್ರಿ ಹೊಟ್ಟೆ ತುಂಬ ರೊಟ್ಟಿ ಉಂಡ.

ಈಗಷ್ಟೇ ಹೆಡ್‌ಮಾಸ್ತರರ ನೋಟೀಸು ಬಂದಿದೆ: ಆಟದ ತಾಸು ಎಲ್ಲರಿಗೂ ಕಡ್ಡಾಯ, ಬರಲಾಗದವರು ಮರಾಠಿಯಲ್ಲಿ ಅರ್ಜಿ ಬರೆದುಕೊಡಬೇಕು. ಮರಾಠಿ ಬರೆಯಲು ತಿಣುಕುವ ಹುಡುಗರಿಗೆ ಹೊಸ ಚಿಂತೆ ಶುರುವಾಗಿದೆ.