ಕೆಂಪು ಮರಳಿನ ಗಂಟು

ಆ ಗಂಟನ್ನು ನನ್ನ ಕೂಸಿನ ತೊಟ್ಟಿಲಿಗೆ ಕಟ್ಟಿದವಳು ನಾನು. ಸಿಸ್ಟರ್ ಕ್ಲಾರಾ ಅಲ್ಲ. ಊರ ಮುಂದೆ ನಾನು ಹೇಳಿದ್ದು ಸುಳ್ಳು — ಆ ಸುಳ್ಳಿನಿಂದ ಒಬ್ಬ ಒಳ್ಳೆಯ ಹೆಂಗಸು ಊರು ಬಿಡಬೇಕಾಯಿತು. ಇನ್ನೊಬ್ಬಳು... ಅದನ್ನೂ ಹೇಳುತ್ತೇನೆ. ಹೇಳಲೇಬೇಕು.

ಝಳಕಿಯಿಂದ ಒಳದಾರಿ ಹಿಡಿದರೆ ಸಿಗುವ ಸಣ್ಣ ಊರು ನಮ್ಮದು. ನಾನು ಅಲ್ಲಿನ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ನಮ್ಮದು ವೈಷ್ಣವ ಮನೆತನ. ಅತ್ತೆಯವರು ಪೂಜೆ ಮುಗಿಯುವವರೆಗೆ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಶಾಲೆಯ ಹಿಂದೆ ಎರಡು ಕೋಣೆಯ ದವಾಖಾನೆಯಿತ್ತು. ಅದನ್ನು ನಡೆಸುತ್ತಿದ್ದವರೇ ಸಿಸ್ಟರ್ ಕ್ಲಾರಾ — ತಮಿಳು ಸೀಮೆಯಿಂದ ಬಂದ ಕ್ಯಾಥೊಲಿಕ್ ಸನ್ಯಾಸಿನಿ. ಓದಿದ್ದು ನರ್ಸಿಂಗ್. ಸುತ್ತಲಿನ ಹಟ್ಟಿಗಳ ಬಸುರಿಯರೆಲ್ಲ ಅವರನ್ನೇ ನಂಬಿದ್ದರು.

ದವಾಖಾನೆಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಕಾವಿ ಬಟ್ಟೆ, ಉದ್ದನೆಯ ಗಡ್ಡ, ಕೈಯಲ್ಲಿ ಕೋಲು. ಲಚ್ಯಾಣದ ಮಠಕ್ಕೆ ನಡೆದುಕೊಳ್ಳುವ ಹೆಂಗಸರು ಅದಕ್ಕೆ ಕೈಮುಗಿದು, “ಇವರು ಯಾವ ಮಠದ ಅಪ್ಪಾರ್ರಿ ಸಿಸ್ಟರ್?” ಎಂದು ಕೇಳುತ್ತಿದ್ದರು. ಸಿಸ್ಟರ್ ನಗುತ್ತಿದ್ದರು. ಅವರು ಸಮುದ್ರದಾಚೆಯಿಂದ ಬಂದ ಪಾದ್ರಿ, ನಮ್ಮ ತಮಿಳು ಸೀಮೆಯ ಬಡವರ ನಡುವೆ ಅವರ ಮಾತು ಕಲಿತು, ಅವರ ಊಟ ಉಂಡು ಬಾಳಿದವರು, ನಂಬಿದ್ದನ್ನು ಬಿಡು ಎಂದಾಗ ಬಿಡದೆ ತಲೆ ಕೊಟ್ಟವರು — ಎಂದು ಹೇಳುತ್ತಿದ್ದರು. ಸಂತರ ರಕ್ತ ಬಿದ್ದಲ್ಲಿ ಮರಳು ಕೆಂಪಾಗಿದೆ ಎಂಬುದು ಅಲ್ಲಿಯವರ ನಂಬಿಕೆ. ಆ ಮರಳು ಒಂದಿಷ್ಟು ಚಿತ್ರದ ಕೆಳಗಿನ ಸೀಸೆಯಲ್ಲಿತ್ತು. ಮಗಳು ಸನ್ಯಾಸಕ್ಕೆ ಹೊರಟಾಗ ತಾಯಿ ಕೊಟ್ಟದ್ದಂತೆ. ತವರಿನದೆಂದು ಅವರ ಬಳಿ ಇದ್ದದ್ದು ಅದೊಂದೇ.

ನನ್ನ ಮಗಳಿಗೆ ಇನ್ನೂ ಕೂರಲು ಬರುತ್ತಿರಲಿಲ್ಲ, ಆಗ ಜ್ವರ ಬಂತು. ಇಂಡಿ ಪಟ್ಟಣದ ಡಾಕ್ಟರಿಗೆ ತೋರಿಸಿದೆವು. ಸಿಸ್ಟರ್ ಹೊತ್ತುಹೊತ್ತಿಗೆ ಬಂದು ಔಷಧ ಹಾಕುತ್ತಿದ್ದರು. ಆದರೂ ಕೂಸು ಕಣ್ಣು ತೆರೆಯದೆ ಮಲಗಿದ್ದನ್ನು ನೋಡಿ ನನ್ನ ಮನಸ್ಸು ತಡೆಯಲಿಲ್ಲ. ದವಾಖಾನೆಗೆ ಓಡಿದೆ. “ಆ ಮರಳು ಒಂದು ಚಿಟಿಕಿ ಕೊಡ್ರಿ, ಸಿಸ್ಟರ್” ಎಂದೆ.

“ಮರಳು ಔಷಧ ಅಲ್ಲ, ಸುಧಾ ಅವರೇ. ನೀವು ಓದಿದವರು. ನಿಮ್ಮ ಮನೆಯವರು ಏನೆಂದಾರು?”

ನಾನು ಅವರ ಕಾಲು ಹಿಡಿದೆ. ಹೌದು, ಕಾಲು ಹಿಡಿದೆ. ಅವರು ಹಿಂದೆ ಸರಿದು, ನನ್ನನ್ನು ಎಬ್ಬಿಸಿ, ಸೀಸೆಯ ಮರಳಿನಲ್ಲಿ ಅರ್ಧವನ್ನು ಬಿಳಿ ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಕೊಟ್ಟರು. “ಔಷಧ ಮಾತ್ರ ತಪ್ಪಿಸಬೇಡಿ” ಎಂದರು. ನಾನು ಅದನ್ನು ತೊಟ್ಟಿಲ ಹಗ್ಗಕ್ಕೆ, ಯಾರಿಗೂ ಕಾಣದ ಹಾಗೆ ಕಟ್ಟಿದೆ.

ಮಗಳು ಚೇತರಿಸಿಕೊಂಡಳು. ಮತ್ತೆ ನಗತೊಡಗಿದಳು. ಗಂಟನ್ನು ಬಿಚ್ಚಲು ನನಗೆ ಧೈರ್ಯ ಬರಲಿಲ್ಲ — ಅಥವಾ ಮನಸ್ಸು ಬರಲಿಲ್ಲವೋ.

ತೊಟ್ಟಿಲು ತೊಳೆಯಲು ಹೋದ ಅತ್ತೆಯವರ ಕೈಗೆ ಅದು ಸಿಕ್ಕಿತು. ಬಿಚ್ಚಿ ಕೆಂಪು ಮರಳು ನೋಡಿ ಅವರು ಕಿಟಾರನೆ ಕೂಗಿದರು. “ಮಾಟ ಮಾಡ್ಯಾರ! ನನ್ನ ಮೊಮ್ಮಗಳಿಗೆ ಮಾಟ ಮಾಡ್ಯಾರ! ಯಾರ ಕಟ್ಟ್ಯಾರ ಇದನ್ನ, ಸುಧಾ?”

ಅವರು ಕೆಟ್ಟವರಲ್ಲ. ನಾನು ಕಟ್ಟಿದೆ ಎಂದಿದ್ದರೆ ಬೈಯುತ್ತಿದ್ದರು, ಒಂದಷ್ಟು ದಿನ ಮಾತು ಬಿಡುತ್ತಿದ್ದರು. ಅಷ್ಟೇ. ಅಷ್ಟಕ್ಕೇ ಹೆದರಿದೆ.

“ಸಿಸ್ಟರ್ ಕಟ್ಟಿರಬೇಕ್ರಿ ಅತ್ತಿ. ನನಗ ಗೊತ್ತಿಲ್ಲ.”

ಮಾತು ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಸಂಜೆಯೊಳಗೆ ದವಾಖಾನೆಯ ಮುಂದೆ ಜನ ಸೇರಿದರು. ಮಾಟ ಎಂದರು ಕೆಲವರು, ಜಾತಿ ಕೆಡಿಸಲು ಬಂದವಳು ಎಂದರು ಕೆಲವರು. ಊರ ಹಿರಿಯರೊಬ್ಬರು ನನ್ನನ್ನು ಮುಂದೆ ಕರೆದು, “ಖರೆ ಹೇಳ್ರಿ ಅಕ್ಕಾರ. ನಿಮ್ಮನ್ನ ಕೇಳದಽ ಕಟ್ಟ್ಯಾರೇನು?” ಎಂದರು. ಸಿಸ್ಟರ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಇನ್ನೊಂದು ಅವಕಾಶ ಅದು — ಎಲ್ಲವನ್ನೂ ತಿರುಗಿಸಬಹುದಾಗಿದ್ದ...

“ಹೌದ್ರಿ” ಎಂದೆ.

ಸಿಸ್ಟರ್ ನನ್ನ ಗುಟ್ಟು ಹೊರಗೆಡವಲಿಲ್ಲ. ಹಿರಿಯರು ಕೇಳಿದ್ದಕ್ಕೆ, “ಮರಳು ನನ್ನದೇ” ಎಂದಷ್ಟೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಕೂಸು ಹಾಲು ಕುಡೀತಿದೆಯಲ್ವಾ?” ಎಂದು ಕೇಳಿದರು. ಯಾರೋ ಎಸೆದ ಕಲ್ಲಿಗೆ ಚಿತ್ರದ ಗಾಜು ಒಡೆಯಿತು. ಆ ವಾರವೇ ಕಾನ್ವೆಂಟಿನ ಹಿರಿಯರು ಅವರನ್ನು ಬೇರೆ ಕಡೆಗೆ ಕರೆಸಿಕೊಂಡರು. ದವಾಖಾನೆಗೆ ಬೀಗ ಬಿತ್ತು.

ಕುರಿ ಕಾಯುವವರ ಹಟ್ಟಿಯ ಮಹಾದೇವಕ್ಕನ ಸೊಸೆ ರೇಣವ್ವ ಆಗ ತುಂಬಿದ ಬಸುರಿ. ನನ್ನ ಕೈಯಲ್ಲೇ ಅಕ್ಷರ ಕಲಿತ ಹುಡುಗಿ. ಹೆರಿಗೆಯ ದಿನ ರಕ್ತ ನಿಲ್ಲಲಿಲ್ಲ. ಗಾಡಿ ಹುಡುಕಿ, ಇಂಡಿಯ ದಾರಿ ಹಿಡಿಯುವಷ್ಟರಲ್ಲಿ ತಡವಾಗಿತ್ತು. ರೇಣವ್ವ ದಾರಿಯಲ್ಲೇ ಹೋದಳು. ಹೊಟ್ಟೆಯ ಕೂಸೂ ಉಳಿಯಲಿಲ್ಲ.

“ಸಿಸ್ಟರ್ ಇದ್ದಿದ್ರ ಮೊದಲಽ ನೋಡಿ ಕಳಸತಿದ್ರು” ಎಂದು ಮಹಾದೇವಕ್ಕ ಎದೆ ಬಡಿದುಕೊಂಡು ಅತ್ತಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಬಾಯಿ ಮಾತ್ರ ಬಿಡಲಿಲ್ಲ.

ಆಮೇಲೆ ನನಗೆ ಸಿಂದಗಿಗೆ ವರ್ಗವಾಯಿತು. ಮಗಳು ಬೆಳೆದು ಕಾಲೇಜು ಸೇರಿದಳು. ಅತ್ತೆಯವರು ತೀರಿಕೊಂಡರು, ಮೊಮ್ಮಗಳಿಗೆ ಮಾಟ ತಟ್ಟದ ಹಾಗೆ ಕಾಯ್ದದ್ದು ತಾವೇ ಎಂಬ ನಂಬಿಕೆಯಲ್ಲೇ. ಈ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಅದೇ ಉಡುಗೆಯ ಇಬ್ಬರು ಸಿಸ್ಟರುಗಳನ್ನು ಕಂಡು, ಕಾಲು ತಾನಾಗಿ ಅವರ ಹತ್ತಿರ ಹೋಯಿತು. ಕ್ಲಾರಾ ಹೆಸರು ಹೇಳಿದೆ. ಹಿರಿಯಳು ನನ್ನ ಮುಖ ನೋಡಿ, “ಅವರು ಹೋಗಿ ಬಹಳ ದಿನವಾಯಿತು. ನಿಮ್ಮ ಸೀಮೆಯ ಸುದ್ದಿ ಕೊನೆಯವರೆಗೂ ಕೇಳುತ್ತಿದ್ದರು” ಎಂದಳು. ಸಿಸ್ಟರ್, ರೇಣವ್ವ — ಕ್ಷಮೆ ಕೇಳಬೇಕಾದ ಇಬ್ಬರೂ ಈಗ ಇಲ್ಲ. ಇನ್ನುಳಿದವಳು ಮಹಾದೇವಕ್ಕ ಒಬ್ಬಳೇ.

ಗಂಡನಿಗೆ ಹೇಳಿದೆ. “ಈಗ್ಯಾಕ ಕೆದಕತಿ? ಬಿಡು” ಎಂದರು. ಬಿಡಲಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಊರಿಗೆ ಹೋದೆ.

ಮಹಾದೇವಕ್ಕ ಹಟ್ಟಿಯ ಮುಂದೆ ಉಣ್ಣೆ ಬಿಡಿಸುತ್ತ ಕೂತಿದ್ದಳು. ಕಣ್ಣು ಮಂಜಾಗಿದ್ದರೂ ನನ್ನ ದನಿ ಗುರುತಿಸಿ, “ಬರ್ರಿ ಅಕ್ಕಾರ” ಎಂದು ಕಂಬಳಿ ಹಾಸಿದಳು. ನಾನು ನೆಲದ ಮೇಲೆಯೇ ಕೂತು ಎಲ್ಲವನ್ನೂ ಹೇಳಿದೆ. ಗಂಟು ಕಟ್ಟಿದ್ದು, ಕಾಲು ಹಿಡಿದದ್ದು, ಆ ಎರಡು ಸುಳ್ಳು. ಅವಳ ಬೆರಳು ಉಣ್ಣೆಯಲ್ಲಿ ನಿಂತುಬಿಟ್ಟಿತು. ಬೈಯಲಿಲ್ಲ. ಅಳಲಿಲ್ಲ.

“ರೇಣಿ ಹೆಣಾ ಎತ್ತೋ ದಿನ ನನ್ನ ತೆಕ್ಕಿಗೆ ಬಿದ್ದು ಅತ್ರ್ಯಲ್ಲ, ಅಕ್ಕಾರ” ಎಂದಳು. “ಇಷ್ಟ ವರ್ಷ ನಾ ಅದನ್ನ ನೆನಸ್ಕೊಂತ ಬಂದೇನಿ. ಅಕ್ಕಾರಿಗೆ ನಮ್ಮ ಮ್ಯಾಲ ಎಷ್ಟ ಜೀವ ಅಂತ. ಅದೊಂದ ಉಳದಿತ್ತು ನನಗ. ಅದನ್ನೂ ಈಗ ತಗೊಂಡ ಹೊಂಟ್ರಿ.”

ನಾನು ಎದ್ದೆ. ಅವಳು ಕಂಬಳಿಯನ್ನು ಮಡಚಿ ಒಳಗೆ ಇಟ್ಟು ಬಂದು, ನನ್ನ ಕಡೆ ಬೆನ್ನು ಮಾಡಿ ಕೂತಳು.